ರ‍್ಯಾಮ್ ಕೊಳ್ಳುವ ಮುನ್ನ ಕ್ಯಾಬಿನೆಟ್ ಬಿಚ್ಚಿ

'ಒಂದು 8 ಜಿಬಿ ರ‍್ಯಾಮ್ ಕೊಡಿ.'

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಿ ಹೀಗೆ ಕೇಳಿದರೂ ಬೆಲೆ ಹೇಳುವ ಮೊದಲು ಪ್ರಶ್ನೆಗಳ ಸರಮಾಲೆ ಬರುತ್ತದೆ. 'ಡೆಸ್ಕ್‌ಟಾಪಾ, ಲ್ಯಾಪ್‌ಟಾಪಾ ಸಾರ್? ಡಿಡಿಆರ್ ತ್ರೀನಾ, ಫೋರಾ? ಬಸ್ ಎಷ್ಟು? ಬೋರ್ಡ್ ಯಾವುದು?' ಗಿರಾಕಿ ತಡವರಿಸುತ್ತಾನೆ. 'ಐ5 ಕಂಪ್ಯೂಟರ್ರು' ಅನ್ನುತ್ತಾನೆ. ಅಂಗಡಿಯವನಿಗೆ ಇದರಿಂದ ಏನೇನೂ ತಿಳಿಯುವುದಿಲ್ಲ. ಐ5 ಎಂಬ ಹೆಸರಿನ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ಅಂದಿನದಕ್ಕೆ ಡಿಡಿಆರ್3 ಬೇಕು, 2018ರದಕ್ಕೆ ಡಿಡಿಆರ್4, ಈಚಿನವುಗಳಿಗೆ ಡಿಡಿಆರ್5. ಕೊನೆಗೆ ಅವನು ಹೇಳುವುದು ಒಂದೇ ಮಾತು: 'ಹಳೇದು ಬಿಚ್ಕೊಂಡು ತನ್ನಿ ಸಾರ್, ನೋಡಿ ಕೊಡ್ತೀನಿ.'

ಬುದ್ಧಿವಂತ ಮಾತು. ರ‍್ಯಾಮ್ ಆಯ್ಕೆ ಆಗುವುದು ಮನೆಯಲ್ಲೇ, ಕಂಪ್ಯೂಟರಿನ ಮುಂದೆಯೇ. ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಮದರ್‌ಬೋರ್ಡು ಮತ್ತು ಪ್ರೊಸೆಸರ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗಕ್ಕೂ, ಬಣ್ಣಬಣ್ಣದ ದೀಪ ಮಿನುಗಿಸುವ ಲೋಹದ ಹೊದಿಕೆಗೂ ಈ ತೀರ್ಮಾನದಲ್ಲಿ ಪಾತ್ರವಿಲ್ಲ. ಆದರೆ ಹೆಚ್ಚಿನವರು ಕೊಳ್ಳುವುದು ಅವೆರಡನ್ನು ನೋಡಿಯೇ.

ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಹೋಗುವವರು, ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ ಇನ್ನೂ ನಾಲ್ಕು ಕಾಲ ಓಡಿಸೋಣ ಎನ್ನುವವರು ಎಲ್ಲರ ಕಣ್ಣೂ ರ‍್ಯಾಮ್ ಮೇಲೆ ಬಿತ್ತು. ಸರಿಯಾಗಿ ಅದೇ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ರಾಶಿರಾಶಿಯಾಗಿ ಎತ್ತತೊಡಗಿದ್ದರಿಂದ ಬೆಲೆ ಗಗನಕ್ಕೇರಿತು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ, ಮನೆಬಳಕೆಯ ಗ್ರಾಹಕರಿಗೆ ತಾನು ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ತಪ್ಪು ರ‍್ಯಾಮ್ ಕೊಂಡು ಡ್ರಾಯರ್‌ನಲ್ಲಿ ಎಸೆಯುವಷ್ಟು ಅಗ್ಗದ ಕಾಲ ಹೋಯಿತು.

ಎರಡು ರ‍್ಯಾಮ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡೆಸ್ಕ್‌ಟಾಪ್‌ಗೆ ಬಳಸುವ ಡಿಡಿಆರ್3 ಮತ್ತು ಡಿಡಿಆರ್4 ಎರಡರ ಉದ್ದವೂ 133.35 ಮಿಲಿಮೀಟರ್. ಅದೇ ಹಸಿರೋ ಕಪ್ಪೋ ಹಲಗೆ, ಅದೇ ಕಪ್ಪು ಚಿಪ್‌ಗಳ ಸಾಲು, ಕೆಳಗೆ ಅದೇ ಚಿನ್ನದ ಬಣ್ಣದ ಹಲ್ಲುಗಳು. ಆದರೆ ಹಲ್ಲುಗಳ ನಡುವಿನ ಕಚ್ಚು ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿದೆ. ಡಿಡಿಆರ್3ರಲ್ಲಿ 240 ಹಲ್ಲು, ಡಿಡಿಆರ್4ರಲ್ಲಿ 288. ಡಿಡಿಆರ್4ರ ಕೆಳಅಂಚು ನೇರವಾಗಿಲ್ಲ, ನಡುವೆ ತುಸು ಉಬ್ಬಿದೆ. ಇಡೀ ಸಾಲು ಏಕಕಾಲಕ್ಕೆ ಸ್ಲಾಟಿಗೆ ಇಳಿದರೆ ಒತ್ತಲು ಬಲ ಹೆಚ್ಚು ಬೇಕಾಗುತ್ತದೆಂದು ಹಾಗೆ ಮಾಡಿದ್ದಾರೆ. ಡಿಡಿಆರ್5ಕ್ಕೂ 288 ಹಲ್ಲುಗಳೇ, ಆದರೆ ಕಚ್ಚು ಮತ್ತೆ ಜರುಗಿದೆ. ತಪ್ಪು ಸ್ಲಾಟಿಗೆ ಹೋಗದಿರಲೆಂದೇ ಈ ವ್ಯವಸ್ಥೆ. ಇಷ್ಟಾದರೂ ಬಲವಂತವಾಗಿ ಒತ್ತಿ ಸ್ಲಾಟ್ ಮುರಿದುಕೊಂಡು ಬರುವ ಗಿರಾಕಿಗಳು ರಿಪೇರಿಯವರಿಗೆ ಹೊಸಬರಲ್ಲ.

ಕಚ್ಚು ಬೇರೆಯಾದದ್ದು ಸುಮ್ಮನೆ ಅಲ್ಲ. ತಲೆಮಾರಿನಿಂದ ತಲೆಮಾರಿಗೆ ವೋಲ್ಟೇಜ್ ಇಳಿಯುತ್ತ ಬಂದಿದೆ. ಮೊದಲ ಡಿಡಿಆರ್‌ಗೆ 2.5 ವೋಲ್ಟ್ ಬೇಕಿತ್ತು, ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಈ ಅಳತೆಗಳನ್ನೆಲ್ಲ ಗೊತ್ತು ಮಾಡುವುದು ಜೆಡೆಕ್ ಎಂಬ ಸಂಸ್ಥೆ. ಡಿಡಿಆರ್3ರ ಮಾನಕ 2007ರಲ್ಲಿ ಬಂತು, ಡಿಡಿಆರ್4ರದ್ದು 2012ರಲ್ಲಿ, ಡಿಡಿಆರ್5ರದ್ದು 2020ರಲ್ಲಿ. ಮಾನಕ ಬಂದ ವರ್ಷಕ್ಕೂ ಅದು ನಮ್ಮ ಮನೆಯ ಯಂತ್ರಕ್ಕೆ ಬರುವುದಕ್ಕೂ ನಡುವೆ ಒಂದೆರಡು ವರ್ಷವಾದರೂ ಕಳೆಯುತ್ತದೆ. ಹಾಗಾಗಿ ಕಂಪ್ಯೂಟರ್ ಕೊಂಡ ಇಸವಿ ನೆನಪಿದ್ದರೆ ಒಂದು ಅಂದಾಜು ಸಿಗುತ್ತದೆ. ಆದರೆ ಅಂದಾಜನ್ನು ನಂಬಿ ದುಡ್ಡು ಕೊಡುವುದು ಬೇಡ.

ಏಕೆಂದರೆ ಸಂಧಿಕಾಲದ ಯಂತ್ರಗಳು ಯಾರನ್ನಾದರೂ ಏಮಾರಿಸುತ್ತವೆ. 2015ರಲ್ಲಿ ಬಂದ ಇಂಟೆಲ್‌ನ 6ನೇ ತಲೆಮಾರಿನ ಪ್ರೊಸೆಸರ್ ಡಿಡಿಆರ್4 ಜೊತೆಗೂ ಕೆಲಸ ಮಾಡುತ್ತದೆ, ಡಿಡಿಆರ್3ಎಲ್ ಜೊತೆಗೂ ಮಾಡುತ್ತದೆ. 2021ರ 12ನೇ ತಲೆಮಾರಿನದು ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆ. ಆದರೆ ಸ್ಲಾಟುಗಳಿರುವುದು ಬೋರ್ಡಿನ ಮೇಲೆ. ಒಂದೇ ಪ್ರೊಸೆಸರ್ ಇರುವ ಎರಡು ಕಂಪ್ಯೂಟರ್‌ಗಳಲ್ಲಿ ಒಂದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದದೆ ಇರಬಹುದು. ಎಎಂಡಿಯವರದ್ದು ಈ ವಿಷಯದಲ್ಲಿ ಸರಳ: ಎಎಂ4 ಸಾಕೆಟ್ ಎಂದರೆ ಡಿಡಿಆರ್4, ಎಎಂ5 ಎಂದರೆ ಡಿಡಿಆರ್5. ಮಾತು ಮುಗಿಯಿತು.

ಡಿಡಿಆರ್3ರಲ್ಲೇ ಇನ್ನೊಂದು ಒಳಸುಳಿ ಇದೆ. ಹೆಸರಿನ ಕೊನೆಗೆ 'ಎಲ್' ಇದ್ದರೆ ಅದು 1.35 ವೋಲ್ಟಿನದು. ಎಲ್ ಇರುವುದು 1.5 ವೋಲ್ಟಿನ ಹಳೆಯ ಬೋರ್ಡಿನಲ್ಲೂ ನಡೆಯುತ್ತದೆ. ಎಲ್ ಇಲ್ಲದ್ದು 1.35 ವೋಲ್ಟನ್ನಷ್ಟೇ ಕೊಡುವ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಿಲ್ಲ. ಇಂಟೆಲ್‌ನ 4ನೇ ತಲೆಮಾರಿನ, ಅಂದರೆ 2013ರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಎಲ್ ಇರುವುದನ್ನೇ ಹಾಕಬೇಕು. ಎರಡಕ್ಕೂ ಕಚ್ಚು ಒಂದೇ ಕಡೆ ಇರುವುದರಿಂದ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ.

ನಮ್ಮ ಊರುಗಳಲ್ಲಿ ಇಂದಿಗೂ ಉಸಿರಾಡುತ್ತಿರುವ ಹಳೆಯ ಅಸೆಂಬಲ್ಡ್ ಕಂಪ್ಯೂಟರ್‌ಗಳ ವಿಷಯಕ್ಕೆ ಬಂದರೆ ಎರಡು ಬೋರ್ಡುಗಳ ಹೆಸರು ಹೇಳಲೇಬೇಕು: ಜಿ41 ಮತ್ತು ಎಚ್61. ಸೈಬರ್ ಸೆಂಟರ್, ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಟ್ಯೂಷನ್ ಮನೆ ಎಲ್ಲಿ ಕ್ಯಾಬಿನೆಟ್ ಬಿಚ್ಚಿದರೂ ಇವೆರಡರಲ್ಲಿ ಒಂದು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ.

ಜಿ41 ಚಿಪ್‌ಸೆಟ್ 2008ರದು. ಕೆಲವು ಬೋರ್ಡುಗಳಲ್ಲಿ ಡಿಡಿಆರ್2 ಸ್ಲಾಟ್, ಕೆಲವದರಲ್ಲಿ ಡಿಡಿಆರ್3. ಡಿಡಿಆರ್3 ಇರುವ ಬೋರ್ಡಿಗೆ 4 ಜಿಬಿಯ ಎರಡು ರ‍್ಯಾಮ್ ಹಾಕಿ 8 ಜಿಬಿ ಮಾಡಿಕೊಳ್ಳಬಹುದು ಎಂದು ಓದಿದವರು ಅಂಗಡಿಗೆ ಹೋಗಿ ಹೊಸ 4 ಜಿಬಿ ರ‍್ಯಾಮ್ ತರುತ್ತಾರೆ. ಹಾಕಿದರೆ ಬೀಪ್ ಬೀಪ್. ಬದಲಾಯಿಸಿಕೊಂಡು ಬಂದರೂ ಅದೇ ಬೀಪ್. ದೋಷ ರ‍್ಯಾಮ್‌ನಲ್ಲೂ ಇಲ್ಲ, ಬೋರ್ಡಿನಲ್ಲೂ ಇಲ್ಲ. ಜಿ41ಕ್ಕೆ ಗೊತ್ತಿರುವುದು ತಲಾ 2 ಗಿಗಾಬಿಟ್‌ವರೆಗಿನ ಚಿಪ್‌ಗಳು ಮಾತ್ರ. ಅಂಥ ಚಿಪ್‌ಗಳಿಂದ 4 ಜಿಬಿ ಆಗಬೇಕಾದರೆ 16 ಬೇಕು, ಎರಡೂ ಮೈಗೆ ಎಂಟೆಂಟು. ಆಮೇಲೆ 4 ಗಿಗಾಬಿಟ್ ಚಿಪ್‌ಗಳು ಬಂದವು. ಒಂದೇ ಮೈಗೆ ಎಂಟು ಚಿಪ್ ಅಂಟಿಸಿದರೆ 4 ಜಿಬಿ ಆಗಿಬಿಡುತ್ತದೆ, ತಯಾರಕರಿಗೆ ಖರ್ಚೂ ಕಮ್ಮಿ. ಹೊಸದಾಗಿ ಸಿಗುವ 4 ಜಿಬಿ ಡಿಡಿಆರ್3ಗಳಲ್ಲಿ ಹೆಚ್ಚಿನವು ಈ ಬಗೆಯವು. ಆದ್ದರಿಂದ ಜಿ41 ಇರುವವರು ಅಂಗಡಿಯಲ್ಲಿ ರ‍್ಯಾಮ್ ಕೈಗೆ ತೆಗೆದುಕೊಂಡು ಮಾಡಬೇಕಾದ ಮೊದಲ ಕೆಲಸ ಚಿಪ್ ಎಣಿಸುವುದು. ಹದಿನಾರಿದ್ದರೆ ಮುಂದಿನ ಮಾತು. ಎಂಟಿದ್ದರೆ ಕೌಂಟರ್ ಮೇಲೆ ವಾಪಸ್ ಇಡಬೇಕು.

ಆನ್‌ಲೈನ್‌ನಲ್ಲಿ 'ಎಎಂಡಿ ಬೋರ್ಡಿಗೆ ಮಾತ್ರ' ಎಂದು ಸಣ್ಣಕ್ಷರದಲ್ಲಿ ಬರೆದು ಅಗ್ಗಕ್ಕೆ ಮಾರುವ ಡಿಡಿಆರ್2, ಡಿಡಿಆರ್3 ರ‍್ಯಾಮ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವುಗಳಲ್ಲಿರುವ ಚಿಪ್‌ಗಳ ಒಳಜೋಡಣೆಯನ್ನು ಆ ಕಾಲದ ಎಎಂಡಿ ಪ್ರೊಸೆಸರ್‌ಗಳು ಓದಬಲ್ಲವು, ಇಂಟೆಲ್‌ನವು ಓದಲಾರವು. ಆ ಸಣ್ಣಕ್ಷರ ನೋಡದೆ ತರಿಸಿಕೊಂಡವರ ಬೈಗುಳ ಮಾರಾಟಗಾರನಿಗೆ ತಟ್ಟುವುದೂ ಇಲ್ಲ, ಹೇಳಿಯೇ ಮಾರಿದ್ದಾನಲ್ಲ!

2011ರ ಎಚ್61 ಇಷ್ಟು ಹಟಮಾರಿಯಲ್ಲ. ಎರಡು ಸ್ಲಾಟ್, ಒಟ್ಟು 16 ಜಿಬಿ, ಒಂದೊಂದಕ್ಕೆ 8 ಜಿಬಿ ಮಿತಿ. ಒಂದೇ 16 ಜಿಬಿ ಡಿಡಿಆರ್3 ರ‍್ಯಾಮ್ ತಂದು ಒಂದು ಸ್ಲಾಟ್ ಉಳಿಸಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಇಂಟೆಲ್‌ನ 4ನೇ ತಲೆಮಾರಿನವರೆಗೂ ಮನೆಬಳಕೆಯ ಪ್ರೊಸೆಸರ್‌ಗಳಿಗೆ ಅಷ್ಟು ದೊಡ್ಡ ರ‍್ಯಾಮ್‌ಗೆ ಬೇಕಾದ ಹೆಚ್ಚು ಗಿಗಾಬಿಟ್‌ನ ಚಿಪ್‌ಗಳ ಪರಿಚಯವಿಲ್ಲ.

ಇಂಥ ನಿರ್ಬಂಧಗಳು ಎಲ್ಲಿಂದ ಬರುತ್ತವೆ ಎಂದು ತಿಳಿಯಲು ರ‍್ಯಾಮ್‌ನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು. ಐಬಿಎಂನಲ್ಲಿದ್ದ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇಷ್ಟರಲ್ಲೇ ಒಂದು ಬಿಟ್ ಮಾಹಿತಿ ಹಿಡಿದಿಡುವ ಉಪಾಯ ಕಂಡುಹಿಡಿದರು. 1968ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ ಹೊರತಂದ 1103 ಚಿಪ್‌ನಲ್ಲಿದ್ದುದು 1,024 ಬಿಟ್. ಇವತ್ತಿನ 8 ಜಿಬಿ ರ‍್ಯಾಮ್‌ನಲ್ಲಿ ಅಂಥ ಕೋಶಗಳು 6,800 ಕೋಟಿಗೂ ಹೆಚ್ಚು. ಪ್ರತಿಯೊಂದರಿಂದಲೂ ವಿದ್ಯುತ್ ಆವೇಶ ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಒಮ್ಮೆ ಮರುತುಂಬಬೇಕು. ಯಾವ ಸಾಲನ್ನು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಕಂಟ್ರೋಲರ್ ಮೊದಲು ಬೋರ್ಡಿನ ಚಿಪ್‌ಸೆಟ್‌ನಲ್ಲಿತ್ತು. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಪ್ರೊಸೆಸರ್ ಒಳಗೇ ತಂದವು. ಚಿಪ್ಪಿನ ಗಾತ್ರ, ಸಾಲುಗಳ ಲೆಕ್ಕ ಕಂಟ್ರೋಲರ್‌ಗೆ ತಿಳಿಯದಿದ್ದರೆ ಎಷ್ಟೇ ದುಬಾರಿ ರ‍್ಯಾಮ್ ತಂದರೂ ವ್ಯರ್ಥ.

ಕೊಳ್ಳುವಾಗ ಬೇಕಾದ ವಿವರಗಳಲ್ಲಿ ಹೆಚ್ಚಿನವು ರ‍್ಯಾಮ್‌ಗೆ ಅಂಟಿಸಿದ ಚೀಟಿಯಲ್ಲೇ ಇರುತ್ತವೆ. ಹೆಸರಾಂತ ತಯಾರಕರ ಚೀಟಿಯಲ್ಲಿ ಇಂಥದೊಂದು ಸಾಲು ಕಾಣುತ್ತದೆ: 8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯುಎ2. ಪಿಸಿ4 ಎಂದರೆ ಡಿಡಿಆರ್4. 2666 ಅದರ ವೇಗ, ಅಂಗಡಿಯವರ ಬಾಯಲ್ಲಿ 'ಬಸ್'. ನಂತರ ಬರುವ 'ಯು' ಡೆಸ್ಕ್‌ಟಾಪಿನದೆಂದು ಹೇಳುತ್ತದೆ. ಆ ಜಾಗದಲ್ಲಿ 'ಎಸ್' ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್, 'ಆರ್' ಇದ್ದರೆ ಸರ್ವರಿನದು. 1ಆರ್‌ಎಕ್ಸ್8 ಎಂದರೆ ಒಂದು ರ‍್ಯಾಂಕ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು, 8 ಬಿಟ್ ಅಗಲದ ಚಿಪ್‌ಗಳು, ಒಟ್ಟು ಎಂಟು. 2ಆರ್‌ಎಕ್ಸ್8 ಇದ್ದರೆ ಹದಿನಾರು. 1ಆರ್‌ಎಕ್ಸ್16 ಎಂದಿದ್ದರೆ ಬರೀ ನಾಲ್ಕು ಚಿಪ್. ಕೆಲಸ ಮಾಡುತ್ತದೆ, ತುಸು ನಿಧಾನ, ಅದಕ್ಕೇ ಅಗ್ಗ. ಡಿಡಿಆರ್3ರ ಚೀಟಿ ಓದುವ ಕ್ರಮ ಬೇರೆ. ಪಿಸಿ3ಎಲ್-12800ಎಸ್ ಎಂಬಲ್ಲಿ 12800 ಎಂಬುದು ಒಂದು ಸೆಕೆಂಡಿಗೆ ಸಾಗಿಸುವ ಮೆಗಾಬೈಟ್‌ಗಳು. ಅದನ್ನು ಎಂಟರಿಂದ ಭಾಗಿಸಿದರೆ 1600 ಬಸ್. ನಡುವಿನ ಎಲ್ ಎಂದರೆ 1.35 ವೋಲ್ಟ್.

'ಆರ್' ಬಗ್ಗೆ ಇನ್ನೊಂದು ಮಾತು. ಡೇಟಾ ಸೆಂಟರ್‌ಗಳಿಂದ ಕಳಚಿದ ಸರ್ವರ್ ರ‍್ಯಾಮ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿರುತ್ತದೆ. ನೋಡಲು ಅದೇ ಡಿಡಿಆರ್4, ಅದೇ 288 ಹಲ್ಲು, ಕಚ್ಚೂ ಅಲ್ಲೇ. ಮನೆಯ ಬೋರ್ಡಿನ ಸ್ಲಾಟಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಕಂಪ್ಯೂಟರ್ ಆನ್ ಆಗುವುದಿಲ್ಲ. ಸಾಮಾನ್ಯ ರ‍್ಯಾಮ್‌ನಲ್ಲಿ ಚಿಪ್‌ಗಳ ಎಣಿಕೆ 4, 8, 16 ಹೀಗಿರುತ್ತದೆ. ಸರ್ವರಿನದರಲ್ಲಿ ತಪ್ಪು ತಿದ್ದಲು ಹೆಚ್ಚುವರಿ ಚಿಪ್ ಇರುವುದರಿಂದ 9, 18 ಇಂಥ ಲೆಕ್ಕ ಬರುತ್ತದೆ, ನಡುವೆ ಚೌಕಾಕಾರದ ಬೇರೊಂದು ಚಿಪ್ಪೂ ಕೂತಿರುತ್ತದೆ. ದರ ಅರ್ಧಕ್ಕರ್ಧ ಕಮ್ಮಿ ಹೇಳಿದರೆ ಮೊದಲು ಇದನ್ನೇ ನೋಡಬೇಕು.

ಇನ್ನು ವೇಗ. ಕೊಳ್ಳುವವರು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೆ, ಅಷ್ಟು ಅಗತ್ಯವಿಲ್ಲದಿರುವುದೂ ಇದಕ್ಕೇ. 3200 ಬಸ್‌ನ ರ‍್ಯಾಮನ್ನು 2400ರ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ ಅದು 2400ಕ್ಕೆ ಇಳಿದು ಕೆಲಸ ಮಾಡುತ್ತದೆ. ಉದಾಹರಣೆಗೆ ಇಂಟೆಲ್‌ನ ಐ3-8100 ಪ್ರೊಸೆಸರ್. ಅದರ ಅಧಿಕೃತ ಮಿತಿ 2400. ಎಚ್310 ಅಥವಾ ಬಿ360 ಬೋರ್ಡಿನ ಮೇಲೆ ಕೂರಿಸಿದರೆ ಎಂಥ ರ‍್ಯಾಮ್ ತಂದರೂ ಅದು ಆ ಗೆರೆ ದಾಟುವುದಿಲ್ಲ. ಎರಡು ಬೇರೆ ವೇಗದವನ್ನು ಒಟ್ಟಿಗೆ ಹಾಕಿದರೆ ಎರಡೂ ನಿಧಾನದ್ದರ ಹಾದಿ ಹಿಡಿಯುತ್ತವೆ. ಸಿಪಿಯು-ಝಡ್ ತಂತ್ರಾಂಶ ತೆರೆದು '3200 ಅಂತ ಕೊಟ್ಟು 1600 ಹಾಕಿ ಮೋಸ ಮಾಡಿದ' ಎಂದು ಅಂಗಡಿಗೆ ಜಗಳಕ್ಕೆ ಹೋಗುವವರೂ ಇದ್ದಾರೆ. ಡಿಡಿಆರ್ ಒಂದು ಗಡಿಯಾರ ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ. ಸಿಪಿಯು-ಝಡ್ ತೋರಿಸುವುದು ಬಡಿತ, ಪೆಟ್ಟಿಗೆಯ ಮೇಲಿರುವುದು ಸಾಗಾಟ. 1600 ಕಂಡರೆ ಅದು 3200ರದ್ದೇ.

ಉತ್ತರಕ್ಕೆ ಎಷ್ಟು ಬಡಿತ ಕಾಯಬೇಕೆಂದು ಹೇಳುವ ಸಿಎಲ್ 16, ಸಿಎಲ್ 22 ಎಂಬ ಸಂಖ್ಯೆಗಳ ಕಥೆಯೂ ಲೆಕ್ಕ ಹಾಕಿದರಷ್ಟೇ ತಿಳಿಯುತ್ತದೆ. 3200ರ ಸಿಎಲ್ 16 ರ‍್ಯಾಮ್ ಉತ್ತರ ಕೊಡಲು ತೆಗೆದುಕೊಳ್ಳುವುದು 10 ನ್ಯಾನೊಸೆಕೆಂಡ್. ಡಿಡಿಆರ್5ರಲ್ಲಿ 6000ದ ಸಿಎಲ್ 30 ತೆಗೆದುಕೊಳ್ಳುವುದೂ ಅಷ್ಟೇ. ಸಂಖ್ಯೆ ದೊಡ್ಡದಾಯಿತೆಂದು ಗಾಬರಿ ಬೇಡ, ಚಿಕ್ಕದೆಂದು ಹೆಚ್ಚು ದುಡ್ಡೂ ಬೇಡ. ಹಳೆಯದರ ಜೊತೆ ಹೊಸದನ್ನು ಸೇರಿಸುವಾಗ ಆದಷ್ಟು ಹತ್ತಿರದ್ದಿರಲಿ, ಅಷ್ಟು ಸಾಕು.

ನಿಜವಾಗಿ ವ್ಯತ್ಯಾಸ ಕಾಣುವುದು ಜೋಡಿಯಲ್ಲಿ. ಮನೆಬಳಕೆಯ ಹೆಚ್ಚಿನ ಬೋರ್ಡುಗಳಿಗೆ ರ‍್ಯಾಮ್‌ನತ್ತ ಹೋಗುವ ಹಾದಿಗಳು ಎರಡು, ಒಂದೊಂದರ ಅಗಲ 64 ಬಿಟ್. ಒಂದೇ ರ‍್ಯಾಮ್ ಇದ್ದರೆ ಒಂದು ಹಾದಿ ಖಾಲಿ ಬಿದ್ದಿರುತ್ತದೆ. ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದ ಹಾಗೆ. 3200ರ ಒಂದು ರ‍್ಯಾಮ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡಿದ್ದರೆ 51.2. ಬ್ರೌಸರ್, ಟೈಪಿಂಗ್ ಕೆಲಸದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜನ್ 5 5600ಜಿಯಂಥ ಪ್ರೊಸೆಸರ್‌ನಲ್ಲಿ ಆಟ ಆಡುವ ಹುಡುಗರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬೇಕು. 16 ಜಿಬಿಯ ಒಂದಕ್ಕಿಂತ 8 ಜಿಬಿಯ ಎರಡು ಮೇಲು ಎಂಬ ಮಾತು ಬಂದದ್ದು ಇದರಿಂದ.

ಹಾಗೆಂದು ಈಗಿರುವ 4 ಜಿಬಿಯನ್ನು ಕಸಕ್ಕೆ ಎಸೆಯಬೇಕಿಲ್ಲ. 4ರ ಜೊತೆಗೆ 8 ಹಾಕಿ 12 ಮಾಡಿದರೆ ಇಂಟೆಲ್‌ನ ಯಂತ್ರಗಳಲ್ಲಿ ಮೊದಲ 8 ಜಿಬಿ ಜೋಡಿಯಾಗಿಯೂ ಉಳಿದ 4 ಒಂಟಿಯಾಗಿಯೂ ಓಡುತ್ತವೆ. ಕಾಗದದ ಮೇಲೆ ಇದು ಅಂದವಾಗಿಲ್ಲ. ಆದರೆ 4 ಜಿಬಿಯಲ್ಲಿ ಏದುಸಿರು ಬಿಡುತ್ತಿದ್ದ ಕಂಪ್ಯೂಟರಿಗೆ ಮರುಜೀವ ಕೊಡುವ ಅತಿ ಅಗ್ಗದ ದಾರಿ ಇದೇ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೆ ಬೋರ್ಡಿನ ಕೈಪಿಡಿ ನೋಡುವುದೇ ಸರಿ. ಬಹುತೇಕ ಈಚಿನ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು.

ಡಿಡಿಆರ್5 ಬಂದ ಮೇಲೆ 'ಈಗ ಎರಡು ಹಾಕೋಣ, ಮುಂದಿನ ವರ್ಷ ಇನ್ನೆರಡು' ಎಂಬ ನಮ್ಮ ಮಧ್ಯಮವರ್ಗದ ಯೋಜನೆಗೆ ಪೆಟ್ಟು ಬಿದ್ದಿದೆ. ಎಎಂಡಿಯ ರೈಜನ್ 7000 ಸರಣಿಯಲ್ಲಿ ಎರಡು ರ‍್ಯಾಮ್ ಇದ್ದರೆ ಅಧಿಕೃತ ವೇಗ 5200, ನಾಲ್ಕೂ ಸ್ಲಾಟ್ ತುಂಬಿದರೆ 3600. ಅಂದರೆ ದುಡ್ಡು ಕೊಟ್ಟು ವೇಗ ಇಳಿಸಿಕೊಂಡಂತೆ. ಹೊಸ ಕಂಪ್ಯೂಟರ್ ಕಟ್ಟಿಸುವವರು ಮೊದಲೇ ಬೇಕಾದಷ್ಟನ್ನು ಎರಡೇ ಸ್ಲಾಟಿನಲ್ಲಿ ಹಾಕಿಸುವುದು ಲೇಸು. ಅದೂ ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿ. ಕಿಂಗ್‌ಸ್ಟನ್, ಕೋರ್ಸೇರ್, ಜಿ.ಸ್ಕಿಲ್, ಎಡೇಟಾ ಎಂದು ಹೆಸರುಗಳೇನೋ ಹಲವು. ಒಳಗಿನ ಚಿಪ್‌ಗಳನ್ನು ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್. ಒಂದೇ ಬ್ರ್ಯಾಂಡಿನ ಒಂದೇ ಮಾಡೆಲ್ಲಿನಲ್ಲೂ ಈ ತಿಂಗಳು ಒಬ್ಬರ ಚಿಪ್, ಆರು ತಿಂಗಳ ನಂತರ ಇನ್ನೊಬ್ಬರದು ಇರಬಹುದು. ಬ್ರ್ಯಾಂಡ್ ಒಂದೇ ಇದೆ ಎನ್ನುವುದು ಜೋಡಿಗೆ ಖಾತ್ರಿ ಅಲ್ಲ.

ಲ್ಯಾಪ್‌ಟಾಪ್ ವಿಷಯದಲ್ಲಿ ಮೊದಲ ಪ್ರಶ್ನೆಯೇ ಬೇರೆ: ಸ್ಲಾಟ್ ಇದೆಯೇ? ತೆಳುವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಆ್ಯಪಲ್‌ನ ಮ್ಯಾಕ್‌ಬುಕ್ ಏರ್ 2008ರಲ್ಲಿ ಹುಟ್ಟಿದಾಗಿನಿಂದಲೂ ಹೀಗೇ. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್ ಎಂದಿದ್ದರೆ ಬಹುಮಟ್ಟಿಗೆ ಆಸೆ ಬಿಟ್ಟಂತೆಯೇ. ಅದನ್ನೂ ಬಿಚ್ಚಿ ಹಾಕುವಂತೆ ಮಾಡುವ ಎಲ್‌ಪಿಕ್ಯಾಮ್2 ಎಂಬ ಹೊಸ ಬಗೆ 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1ರಲ್ಲಿ ಬಂದಿತಾದರೂ ಸಾಮಾನ್ಯರ ಲ್ಯಾಪ್‌ಟಾಪಿಗೆ ಅದಿನ್ನೂ ದೂರದ ಮಾತು. ನಮ್ಮಲ್ಲಿ ಮಾರಾಟವಾಗುವ ಮಧ್ಯಮ ದರದ ಹಲವು ಲ್ಯಾಪ್‌ಟಾಪ್‌ಗಳಲ್ಲಿ 4 ಅಥವಾ 8 ಜಿಬಿ ಬೆಸೆದು ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಇದೊಂದು ಒಳ್ಳೆಯ ಏರ್ಪಾಟು. ಸ್ಲಾಟಿಗೆ ಬೆಸೆದಷ್ಟೇ ಗಾತ್ರದ್ದನ್ನು ಹಾಕಿದರೆ ಜೋಡಿಯೂ ಆಗುತ್ತದೆ. ಲ್ಯಾಪ್‌ಟಾಪ್ ರ‍್ಯಾಮ್‌ನ ಉದ್ದ ಡೆಸ್ಕ್‌ಟಾಪಿನದರ ಅರ್ಧದಷ್ಟು. ಡಿಡಿಆರ್3ಕ್ಕೆ 204 ಹಲ್ಲು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕೊನೆಯ ಎರಡರ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಹೊಳೆಯುವಂಥದ್ದಲ್ಲ, ಚೀಟಿಯನ್ನೇ ಓದಬೇಕು.

ಯಂತ್ರವನ್ನು ಬಿಚ್ಚದೆಯೂ ಸಾಕಷ್ಟು ತಿಳಿಯಬಹುದು. ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿಯಲ್ಲಿ ರ‍್ಯಾಮ್‌ನ ವೇಗ ಮತ್ತು ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿವೆ ಎಂಬುದು ಕಾಣುತ್ತದೆ. ಸಿಪಿಯು-ಝಡ್ ಉಚಿತ, ಬೋರ್ಡಿನ ಹೆಸರು, ಪ್ರತಿ ಸ್ಲಾಟಿನ ರ‍್ಯಾಮ್ ತಯಾರಕರ ಹೆಸರು ಎಲ್ಲವನ್ನೂ ತೋರಿಸುತ್ತದೆ. ಲಿನಕ್ಸ್‌ನವರಿಗೆ ಡಿಎಂಐಡಿಕೋಡ್ ಆದೇಶ ಇದೆ. ಇವು ತೋರಿಸುವ ರ‍್ಯಾಮ್ ಕುರಿತ ವಿವರಗಳು ಮೂಲತಃ ಬರುವುದು ರ‍್ಯಾಮ್ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್‌ನಿಂದ. ಕಂಪ್ಯೂಟರ್ ಶುರುವಾಗುವಾಗ ಬಯೋಸ್ ಓದುವುದೂ ಅದನ್ನೇ. ಬೋರ್ಡಿನ ಹೆಸರು ಸಿಕ್ಕಿತೆಂದರೆ ತಯಾರಕರ ಜಾಲತಾಣದಲ್ಲಿ ಗರಿಷ್ಠ ಎಷ್ಟು ಜಿಬಿ, ಯಾವ ಯಾವ ರ‍್ಯಾಮ್ ಹಾಕಿ ಪರೀಕ್ಷಿಸಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಪಟ್ಟಿಯಲ್ಲಿದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು. ಇಲ್ಲದಿದ್ದರೆ ಹೊಂದುವುದಿಲ್ಲ ಎಂದೇನಲ್ಲ, ಅವರು ಪರೀಕ್ಷಿಸಿಲ್ಲ ಅಷ್ಟೆ.

ಅದೇ ಟಾಸ್ಕ್ ಮ್ಯಾನೇಜರ್ ಇನ್ನೊಂದು ಕಹಿಸತ್ಯವನ್ನೂ ಹೇಳೀತು. ಎಂದಿನ ಕೆಲಸವನ್ನೆಲ್ಲ ತೆರೆದಿಟ್ಟು ನೋಡಿದಾಗ ಮೆಮೊರಿ ಅರ್ಧವಷ್ಟೇ ತುಂಬಿದ್ದು, ಡಿಸ್ಕ್ ಮಾತ್ರ ನೂರಕ್ಕೆ ನೂರು ಕೆಂಪಗೆ ಕೂತಿದ್ದರೆ ರೋಗ ರ‍್ಯಾಮ್‌ನದಲ್ಲ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಬೇಕು. ರ‍್ಯಾಮ್‌ಗೆ ಹಾಕುವ ದುಡ್ಡು ಅಲ್ಲಿ ಸದ್ವಿನಿಯೋಗವಾಗುತ್ತದೆ. ಹಾಗೆಯೇ ಹಳೆಯ 32 ಬಿಟ್ ವಿಂಡೋಸ್ ಇಟ್ಟುಕೊಂಡು 8 ಜಿಬಿ ಹಾಕಿದರೆ ಸುಮಾರು 3.25 ಜಿಬಿಗಿಂತ ಹೆಚ್ಚು ಕೈಗೆ ಸಿಗುವುದಿಲ್ಲ. ಮೊದಲು 64 ಬಿಟ್‌ಗೆ ಬದಲಾಗಬೇಕು.

ಕೂರಿಸುವ ಕೆಲಸಕ್ಕೆ ಐದು ನಿಮಿಷ ಸಾಕು, ಅವಸರ ಮಾತ್ರ ಕೂಡದು. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಇಳಿಸಿಕೊಂಡ ಮೇಲೆ ಕೈ ಹಾಕಬೇಕು. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ಕಚ್ಚು ಹೊಂದಿಸಿ ಎರಡೂ ತುದಿಗಳನ್ನು ಸಮವಾಗಿ ಒತ್ತಿದರೆ ಕಿವಿಗಳು 'ಟಕ್' ಎಂದು ಬಿಗಿಯುತ್ತವೆ. ಡಿಸ್ಪ್ಲೇ ಬರದಿದ್ದರೆ ನಮ್ಮ ಟೆಕ್ನಿಷಿಯನ್ನರು ಮಾಡುವ ಮೊದಲ ಚಿಕಿತ್ಸೆ ಎಂದರೆ ರ‍್ಯಾಮ್ ಕಿತ್ತು ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವುದು. ಪುಸ್ತಕದಲ್ಲಿಲ್ಲದ ಈ ವಿದ್ಯೆ ಎಷ್ಟೋ ಸಲ ಫಲಿಸುತ್ತದೆ, ಹಲ್ಲಿನ ಮೇಲೆ ಕುಳಿತ ಧೂಳು, ಕಿಲುಬು ಹೋಗುತ್ತದಲ್ಲ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಂತೆ ಕೊಡವಿದರಾಯಿತು. ಡಿಡಿಆರ್5 ಹಾಕಿದವರು ಮಾತ್ರ ಮೊದಲ ಸಲ ಪರದೆ ಕಪ್ಪಾಗಿದ್ದರೆ ತಕ್ಷಣ ಕೀಳಲು ಹೋಗಬಾರದು. ಹೊಸ ರ‍್ಯಾಮ್‌ಗೆ ಬೋರ್ಡು ತನ್ನನ್ನು ಹೊಂದಿಸಿಕೊಳ್ಳಲು ಕೆಲವೊಮ್ಮೆ ಹಲವು ನಿಮಿಷ ಹಿಡಿಯುತ್ತದೆ.

ಪರದೆ ಬೆಳಗಿತೆಂದ ಮಾತ್ರಕ್ಕೆ ಹೊಂದಾಣಿಕೆ ಆಯಿತೆಂದೂ ಅಲ್ಲ. ಅರೆಬರೆ ಹೊಂದಿದ ರ‍್ಯಾಮ್ ವಾರಗಟ್ಟಲೆ ಸುಮ್ಮನಿದ್ದು ಒಂದು ದಿನ ನೀಲಿ ಪರದೆ ತೋರಿಸುತ್ತದೆ, ಇಲ್ಲವೇ ಸದ್ದಿಲ್ಲದೆ ಕಡತಗಳನ್ನು ಕೆಡಿಸುತ್ತದೆ. ವಿಂಡೋಸ್‌ನಲ್ಲೇ ಮೆಮೊರಿ ಪರೀಕ್ಷೆಯ ಸೌಲಭ್ಯವಿದೆ. ಇನ್ನೂ ಕಟ್ಟುನಿಟ್ಟಿನ ಪರೀಕ್ಷೆಗೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ ರಾತ್ರಿಯಿಡೀ ಓಡಲು ಬಿಡಬಹುದು. ಬೆಳಿಗ್ಗೆ ಒಂದೇ ಒಂದು ತಪ್ಪು ಕಂಡರೂ ಸಹಿಸಬೇಕಾಗಿಲ್ಲ. ಮೊದಲು ರ‍್ಯಾಮ್‌ನ ವೇಗವನ್ನು ಬಯೋಸ್‌ನಲ್ಲಿ ಜೆಡೆಕ್ ಮಟ್ಟಕ್ಕೆ ಇಳಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಆಮೇಲೂ ತಪ್ಪು ಬಂದರೆ ಒಂದೊಂದನ್ನೇ ಬೇರೆ ಬೇರೆ ಸ್ಲಾಟಿನಲ್ಲಿ ಹಾಕಿ ನೋಡಿ, ದೋಷ ಹೊಸದರದ್ದೇ ಎಂದು ಖಚಿತವಾದರೆ ಅಂಗಡಿಗೆ ಮರಳಿಸಬೇಕು.

ಈ ಪರೀಕ್ಷೆಯನ್ನು ತಂದ ಮೊದಲ ವಾರದಲ್ಲೇ, ವಾಪಸಾತಿಯ ಗಡುವು ಮುಗಿಯುವುದರೊಳಗೆ ಮಾಡಿ ಮುಗಿಸಿ. ರ‍್ಯಾಮ್‌ನ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ. ಚೀಟಿ ಹರಿದ ರ‍್ಯಾಮನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.